ಒಂದು ಖಾಲಿ ಜಾಗ, ಎರಡು ಪಾಳೆಯ

ಬುಡಾಪೆಸ್ಟ್ ನಗರದ ವಸ್ತುಸಂಗ್ರಹಾಲಯದ ತೋಟದಲ್ಲಿ ಐದಾರು ಹುಡುಗರು ಗೋಲಿ ಆಡುತ್ತಿದ್ದಾರೆ. ಅವರಲ್ಲೆಲ್ಲ ಸಣ್ಣವನು, ನರಪೇತಲ, ಹೊಂಬಣ್ಣದ ಕೂದಲಿನ ನೆಮೆಚೆಕ್. ಅಂದು ಅವನ ಅದೃಷ್ಟ ಖುಲಾಯಿಸಿದೆ, ಗೆಲ್ಲುತ್ತಲೇ ಇದ್ದಾನೆ. ಪಾಸ್ತೋರ್ ಎಂಬ ಮನೆತನದ ಇಬ್ಬರು ಅಣ್ಣತಮ್ಮಂದಿರು ಅಲ್ಲಿಗೆ ಬಂದು, ಕೈಕಟ್ಟಿ, ತಲೆತಗ್ಗಿಸಿ ಆಟ ನೋಡುತ್ತ ನಿಲ್ಲುತ್ತಾರೆ. ವಯಸ್ಸಿನಲ್ಲೂ ಮೈಕಟ್ಟಿನಲ್ಲೂ ಇವರಿಗಿಂತ ದೊಡ್ಡವರು. ಗೋಲಿಗಳೆಲ್ಲ ಒಂದೆಡೆ ಸೇರಿದ ಹೊತ್ತು ನೋಡಿ ಒಬ್ಬ ಮುಂದೆ ಬಂದು ಒಂದೇ ಒಂದು ಮಾತು ಹೇಳುತ್ತಾನೆ: ‘ಐನ್‌ಸ್ಟಾಂಡ್!’

ಜರ್ಮನ್ ಮೂಲದ ಈ ಮಾತಿಗೆ ಆ ಊರಿನ ಹುಡುಗರ ನಿಘಂಟಿನಲ್ಲಿ ಅರ್ಥ ಇಷ್ಟೆ: ‘ಇದೆಲ್ಲ ಇನ್ನು ನಮ್ಮದು. ತಕರಾರು ತೆಗೆದರೆ ಏಟು ಬೀಳುತ್ತದೆ.’ ಗೋಲಿಗಳು ಪಾಸ್ತೋರರ ಜೇಬು ಸೇರುತ್ತವೆ. ಸಣ್ಣವರು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ.

ಇಂಥ ಅನ್ಯಾಯ ನಮ್ಮಲ್ಲಿ ಯಾರಿಗೆ ಆಗಿಲ್ಲ? ಶಾಲೆಯ ಹಿಂದಿನ ಬಯಲಲ್ಲಿ ಬುಗುರಿಯನ್ನೋ ಚೆಂಡನ್ನೋ ಕಳೆದುಕೊಂಡು ಬಂದು, ಮನೆಯಲ್ಲಿ ಹೇಳಲೂ ಆಗದೆ ಊಟ ಸೇರದೆ ಕುಳಿತ ಸಂಜೆ ಎಲ್ಲರ ನೆನಪಿನಲ್ಲೂ ಒಂದಾದರೂ ಇದ್ದೀತು. ಹಂಗೆರಿಯ ಲೇಖಕ ಫೆರೆಂಟ್ಸ್ ಮೋಲ್ನಾರ್ ಈ ಎಳೆಯನ್ನೇ ಹಿಡಿದು ‘ಪಾಲ್ ಬೀದಿಯ ಹುಡುಗರು’ ಎಂಬ ಕಾದಂಬರಿ ನೇಯ್ದ. 1906ರಲ್ಲಿ ಅದು ವಿದ್ಯಾರ್ಥಿಗಳಿಗಾಗಿ ನಡೆಯುತ್ತಿದ್ದ ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಪತ್ರಿಕೆಯ ಸಂಪಾದಕರು ಮೋಲ್ನಾರನಿಗೆ ಪಾಠ ಹೇಳಿದ್ದ ಮೇಷ್ಟ್ರೇ. 1907ರಲ್ಲಿ ಪುಸ್ತಕವಾಯಿತು. ಆಗ ಮೋಲ್ನಾರನಿಗೆ ಮೂವತ್ತು ಕೂಡ ತುಂಬಿರಲಿಲ್ಲ. ಮುಂದೆ ಅವನು ನಾಟಕಕಾರನಾಗಿ ಯುರೋಪು, ಅಮೆರಿಕಗಳಲ್ಲಿ ಹೆಸರು ಮಾಡಿದ. ಯಹೂದಿ ಮೂಲದವನಾದ್ದರಿಂದ ನಾಜಿಗಳ ಕಾಲದಲ್ಲಿ ಯುರೋಪನ್ನೇ ಬಿಟ್ಟು 1952ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಆದರೆ ಹಂಗೆರಿಯ ಮನೆಮನೆಗಳಲ್ಲಿ ಅವನು ಇಂದಿಗೂ ಮೊದಲು ನೆನಪಾಗುವುದು ಈ ಸಣ್ಣ ಪುಸ್ತಕದಿಂದ. ಅಲ್ಲಿನ ಶಾಲೆಗಳಲ್ಲಿ ಇದು ಓದಲೇಬೇಕಾದ ಪುಸ್ತಕ. 2007ರಲ್ಲಿ, ಕಾದಂಬರಿಗೆ ನೂರು ವರ್ಷ ತುಂಬಿದಾಗ, ಬುಡಾಪೆಸ್ಟಿನ ಪ್ರಾಟೆರ್ ಬೀದಿಯಲ್ಲಿ ಒಂದು ಕಂಚಿನ ಶಿಲ್ಪ ನಿಲ್ಲಿಸಿದರು. ಅದರಲ್ಲಿ ಮೂಡಿರುವುದು ಯಾವ ವಿಜಯದ ದೃಶ್ಯವೂ ಅಲ್ಲ; ಇದೇ ಗೋಲಿಯಾಟದ ದೃಶ್ಯ.

ಕಥೆ ನಡೆಯುವುದು 1889ರ ವಸಂತದಲ್ಲಿ. ಬುಡಾ, ಓಬುಡಾ, ಪೆಸ್ಟ್ ಎಂಬ ಊರುಗಳು ಒಂದಾಗಿ ಬುಡಾಪೆಸ್ಟ್ ಆಗಿ ಆಗಿನ್ನೂ ಹದಿನಾರು ವರ್ಷ. ನಗರ ದಿನದಿನಕ್ಕೆ ಬೆಳೆಯುತ್ತಿದೆ, ಮಹಡಿಯ ಮೇಲೆ ಮಹಡಿ ಏಳುತ್ತಿದೆ. ನಡುವೆ ಪಾಲ್ ಬೀದಿಯಲ್ಲಿ ಒಂದು ಖಾಲಿ ಜಾಗ ಉಳಿದಿದೆ. ಹುಡುಗರು ಅದನ್ನು ‘ಗ್ರುಂಡ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಖಾಲಿ ಸೈಟು. ಹಿಂದೆ ಒಂದು ಸಾಮಿಲ್ಲು, ಸಾಲುಸಾಲಾಗಿ ಪೇರಿಸಿಟ್ಟ ಸೌದೆಯ ರಾಶಿಗಳು, ಒಂದು ಗುಡಿಸಲು, ಅದರಲ್ಲಿ ಯಾನೋ ಎಂಬ ಕಾವಲುಗಾರ, ಅವನ ನಾಯಿ. ದೊಡ್ಡವರ ಕಣ್ಣಿಗೆ ಇಷ್ಟೆ. ಹುಡುಗರ ಕಣ್ಣಿಗೆ ಸೌದೆಯ ರಾಶಿಗಳೆಲ್ಲ ಕೋಟೆಗಳು. ಒಂದೊಂದರ ಮೇಲೂ ಬಾವುಟ. ಪಟ್ಟಣದ ಮಕ್ಕಳಿಗೆ ಇಂಥ ಒಂದು ಬಯಲೇ ಕಾಡು, ಬೆಟ್ಟ, ಸಮುದ್ರ ಎಲ್ಲವೂ ಆಗಿತ್ತೆಂದು ಕಾದಂಬರಿಕಾರ ಕಥೆ ನಿಲ್ಲಿಸಿ ನಮಗೆ ವಿವರಿಸುತ್ತಾನೆ. ಹಳ್ಳಿಯ ಹುಡುಗರಿಗೆ ಈ ಭಾಗ ಓದಿದರೆ ನಗು ಬಂದರೂ ಬರಬಹುದು.

ಎದುರು ಪಾಳೆಯದವರು ‘ಕೆಂಪಂಗಿ’ಗಳು. ಅವರ ಠಾಣ್ಯ ಸಸ್ಯೋದ್ಯಾನದ ಕೊಳದ ನಡುವಿನ ಪುಟ್ಟ ದ್ವೀಪ. ನಾಯಕ ಫೆರಿ ಆಚ್. ಅಗಲ ಎದೆಯ ಚೆಲುವ, ಗಂಭೀರ. ಗೋಲಿ ಕಿತ್ತುಕೊಂಡ ಪಾಸ್ತೋರ್ ಸೋದರರು ಇವನ ಕಡೆಯವರು. ಇವರು ಪಾಲ್ ಬೀದಿಯ ಮೇಲೆ ಕಣ್ಣು ಹಾಕುವುದಕ್ಕೆ ಕಾರಣವೇನು? ದ್ವೇಷವೇ? ಹಳೆಯ ಸೇಡೇ? ಅಲ್ಲ. ಸಸ್ಯೋದ್ಯಾನದಲ್ಲಿ ಚೆಂಡಾಟಕ್ಕೆ ಜಾಗವಿಲ್ಲ, ಅಷ್ಟೆ. ಆಡುವುದಕ್ಕೆ ಬಯಲು ಬೇಕು. ಬಯಲು ಇರುವುದು ಇನ್ನೊಬ್ಬರ ಬಳಿ. ರಷ್ಯದವರಿಗೆ ಸಮುದ್ರ ಬೇಕಾಗಿತ್ತು, ಆದ್ದರಿಂದ ಜಪಾನೀಯರ ಜೊತೆ ಯುದ್ಧ ಮಾಡಿದರು. ಇವರಿಗೆ ಚೆಂಡಾಡಲು ಜಾಗ ಬೇಕಿತ್ತು ಎಂದು ಮೋಲ್ನಾರ್ ಮುಖ ಗಂಟಿಕ್ಕಿಕೊಂಡೇ ಹೋಲಿಸುತ್ತಾನೆ. 1904-05ರ ರಷ್ಯ-ಜಪಾನ್ ಯುದ್ಧ ಮುಗಿದು ಆಗ ತಾನೇ ವರ್ಷ ಕಳೆದಿತ್ತು. ಪತ್ರಿಕೆ ಓದುವ ಅಪ್ಪಂದಿರಿಗೆ ಆ ಮಾತು ಚುರುಕ್ಕೆಂದಿರಬೇಕು.

ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ‘ಕಾದಂಬರಿಯಲ್ಲಿನ ಸಂಘರ್ಷ’ ಎಂಬ ಪ್ರಶ್ನೆ ಬಂದರೆ ಸಾಮಾನ್ಯವಾಗಿ ಎರಡು ಪಟ್ಟಿ ಮಾಡುತ್ತಾರೆ: ಇವರು ಒಳ್ಳೆಯವರು, ಅವರು ಕೆಟ್ಟವರು. ಗೈಡುಗಳೂ ಹಾಗೇ ಕಲಿಸುತ್ತವೆ. ಈ ಕಾದಂಬರಿಯಲ್ಲಿ ಆ ಪಟ್ಟಿ ಮಾಡಹೊರಟರೆ ಲೇಖನಿ ನಿಂತುಬಿಡುತ್ತದೆ. ಎರಡೂ ಕಡೆಯವರಿಗೆ ಬೇಕಾದದ್ದು ಒಂದೇ ವಸ್ತು. ಎರಡೂ ಕಡೆಯವರ ಬೇಡಿಕೆಯೂ ನ್ಯಾಯವಾದದ್ದೇ. ಯಾರಿಗೆ ಏನು ಬೇಕು, ಅದಕ್ಕಾಗಿ ಅವರು ಎಲ್ಲಿಯವರೆಗೆ ಹೋಗಲು ಸಿದ್ಧ ಎಂದು ಕೇಳಿಕೊಂಡರೆ ಮಾತ್ರ ಕಥೆ ಏಕೆ ಚಲಿಸುತ್ತದೆಂಬುದು ತಿಳಿಯುತ್ತದೆ. ಫೆರಿ ಆಚ್ ಒಬ್ಬನೇ ಗ್ರುಂಡಿಗೆ ನುಗ್ಗಿ ಕೋಟೆಯ ಮೇಲಿನ ಬಾವುಟ ಕಿತ್ತುಕೊಂಡು ಹೋಗುತ್ತಾನೆ. ಅದಕ್ಕೆ ಪ್ರತಿಯಾಗಿ ಪಾಲ್ ಬೀದಿಯ ನಾಯಕ ಬೋಕಾ ಇಬ್ಬರನ್ನು ಕಟ್ಟಿಕೊಂಡು ಶತ್ರುವಿನ ದ್ವೀಪಕ್ಕೆ ನುಸುಳಿ, ‘ನಾವು ಇಲ್ಲಿಗೆ ಬಂದಿದ್ದೆವು’ ಎಂಬರ್ಥದ ಚೀಟಿ ಅಂಟಿಸಿ ಬರಲು ಹೊರಡುತ್ತಾನೆ. ಒಂದು ಹೆಜ್ಜೆಗೆ ಇನ್ನೊಂದು ಹೆಜ್ಜೆ. ಕಥೆಯ ಗಾಲಿ ಉರುಳತೊಡಗುತ್ತದೆ.

ಆದರೆ ಗಾಲಿಯ ಕೀಲು ಇರುವುದು ನಮ್ಮ ನೆಮೆಚೆಕ್‌ನಲ್ಲಿ. ಪಾಲ್ ಬೀದಿಯ ಸೈನ್ಯದಲ್ಲಿ ಎಲ್ಲರೂ ಅಧಿಕಾರಿಗಳೇ. ಕ್ಯಾಪ್ಟನ್, ಲೆಫ್ಟಿನೆಂಟ್ ಎಂದು ಎಲ್ಲರಿಗೂ ಒಂದೊಂದು ಹುದ್ದೆ. ಸಿಪಾಯಿ ಒಬ್ಬನೇ, ಅವನು ನೆಮೆಚೆಕ್. ಎಲ್ಲರೂ ಅವನಿಗೆ ಆಜ್ಞೆ ಮಾಡುತ್ತಾರೆ, ಅವನು ಎಲ್ಲರಿಗೂ ಸೆಲ್ಯೂಟ್ ಹೊಡೆಯುತ್ತಾನೆ. ಓದುತ್ತ ನಗುತ್ತೇವೆ. ನಗುತ್ತಿರುವಾಗಲೇ ನಮ್ಮ ತರಗತಿಯ ಯಾವನೋ ಒಬ್ಬನ ಮುಖ ನೆನಪಾಗಿ ನಗು ಅರ್ಧಕ್ಕೆ ನಿಲ್ಲುತ್ತದೆ.

ದ್ವೀಪದ ಸಾಹಸದಲ್ಲಿ ನೆಮೆಚೆಕ್ ಒಂದೇ ಸಂಜೆ ಎರಡು ಸಲ ನೀರಿಗೆ ಬೀಳುತ್ತಾನೆ. ಮೊದಲನೆಯದು ದೋಣಿ ಹತ್ತುವಾಗ ಕಾಲು ಜಾರಿ. ಎರಡನೆಯದು ಗಾಜಿನ ಮನೆಯಲ್ಲಿ, ಅಟ್ಟಿಸಿಕೊಂಡು ಬಂದವರಿಂದ ಅಡಗಲು ಮೀನಿನ ತೊಟ್ಟಿಯಲ್ಲಿ ಕತ್ತಿನವರೆಗೆ ಕುಳಿತು. ಮಾರ್ಚ್ ತಿಂಗಳ ಹಂಗೆರಿಯ ನೀರೆಂದರೆ ಮಂಜು ಕರಗಿದ ನೀರು. ಮಗುವಿಗೆ ಕೆಮ್ಮು, ಜ್ವರ ಶುರುವಾಗುತ್ತವೆ. ಗುಂಪಿನ ಗೌರವಕ್ಕೆ ತೆರಬೇಕಾದ ಬೆಲೆ ಯಾರ ಲೆಕ್ಕಕ್ಕೆ ಬೀಳುತ್ತಿದೆ ಎಂದು ಮೋಲ್ನಾರ್ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಸೀನು, ಒಂದು ಕೆಮ್ಮು, ಒದ್ದೆಯಾದ ಬಟ್ಟೆ ಎಂದು ನಡುನಡುವೆ ಬರೆಯುತ್ತ ಹೋಗುತ್ತಾನೆ. ಯುದ್ಧದ ಗದ್ದಲದಲ್ಲಿ ನಾವೂ ಅದನ್ನು ಮರೆತೇ ಓದುತ್ತೇವೆ. ಅದೇ ಅವನಿಗೆ ಬೇಕಾಗಿತ್ತು.

ಅಂದಿನ ಸಂಜೆ ದ್ವೀಪದಲ್ಲಿ ಅವರು ಕಂಡದ್ದು ಇನ್ನೊಂದು. ಕೆಂಪಂಗಿಗಳ ನಡುವೆ, ಲಾಂದ್ರದ ಬೆಳಕಿನಲ್ಲಿ, ಕುಳಿತಿದ್ದವನು ತಮ್ಮವನೇ ಆದ ಗೆರೇಬ್! ನಾಯಕನ ಚುನಾವಣೆಯಲ್ಲಿ ಬೋಕಾಗೆ ಹನ್ನೊಂದು ಮತ, ಗೆರೇಬ್‌ಗೆ ಮೂರೇ ಮೂರು. ಹೊಟ್ಟೆಕಿಚ್ಚು ಅವನನ್ನು ಎದುರು ಪಾಳೆಯಕ್ಕೆ ಒಯ್ದಿದೆ. ಕಾವಲುಗಾರ ಯಾನೋಗೆ ಚುಟ್ಟ ಕೊಟ್ಟು, ಹುಡುಗರನ್ನು ಗ್ರುಂಡಿನಿಂದ ಓಡಿಸಿಬಿಡುವ ಹಂಚಿಕೆಯನ್ನೂ ಅವನು ಹೂಡುತ್ತಾನೆ. ತಮಾಷೆಯೆಂದರೆ ಲಂಚದ ಈ ದಾರಿ ಫೆರಿ ಆಚ್‌ಗೆ ಒಪ್ಪಿಗೆಯಾಗುವುದಿಲ್ಲ. ಅವನಿಗೆ ಜಾಗ ಬೇಕು ನಿಜ, ಆದರೆ ಕಾದಾಡಿಯೇ ಬೇಕು. ಶತ್ರುವಿಗೂ ಒಂದು ಶೀಲವಿದೆ, ನಮ್ಮವನಲ್ಲಿಯೇ ಅದು ಸಡಿಲವಾಗಿದೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಇಷ್ಟು ತಿಳಿಯುವುದೆಂದರೆ ಅರ್ಧ ಬಾಲ್ಯ ಕಳೆದಂತೆಯೇ.

ಕಾದಂಬರಿಯ ಅತ್ಯುತ್ತಮ ದೃಶ್ಯ ಇದಾದ ಮೇಲೆ ಬರುತ್ತದೆ. ನೆಮೆಚೆಕ್ ಯಾರಿಗೂ ಹೇಳದೆ, ಒಬ್ಬನೇ, ಮತ್ತೆ ದ್ವೀಪಕ್ಕೆ ಹೋಗಿ ಮರ ಹತ್ತಿ ಕೂರುತ್ತಾನೆ. ಕೆಳಗೆ ಶತ್ರುಗಳ ಸಭೆ. ಪಾಲ್ ಬೀದಿಯವರಲ್ಲಿ ಗಂಡೆದೆಯವನು ಒಬ್ಬನೂ ಇಲ್ಲ ಎಂಬಂಥ ಮಾತನ್ನು ಗೆರೇಬ್ ಆಡುತ್ತಾನೆ. ತಕ್ಷಣ ಮೇಲಿನಿಂದ ಒಂದು ಸಣ್ಣ ದನಿ. ಹುಡುಗ ಇಳಿದು ಬಂದು ಎಲ್ಲರ ನಡುವೆ ನಿಲ್ಲುತ್ತಾನೆ. ಸುಮ್ಮನೆ ಕುಳಿತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫೆರಿ ಆಚ್ ಅವನ ಧೈರ್ಯಕ್ಕೆ ಮೆಚ್ಚಿ, ತನ್ನ ಗುಂಪಿಗೆ ಬಂದುಬಿಡು ಎನ್ನುತ್ತಾನೆ. ನೆಮೆಚೆಕ್ ಒಲ್ಲೆನೆನ್ನುತ್ತಾನೆ. ಆಗ ಪಾಸ್ತೋರ್ ಸೋದರರು ಅವನನ್ನು ಎತ್ತಿ ಕೊಳದಲ್ಲಿ ಅದ್ದುತ್ತಾರೆ. ಇದು ಮೂರನೆಯ ಸಲ. ಸುತ್ತಲಿನವರೆಲ್ಲ ನಗುತ್ತಾರೆ, ನಾಯಕ ನಗುವುದಿಲ್ಲ.

ಗುಂಪು ಗುಂಪುಗಳ ಜಗಳ ಕಾದಂಬರಿಗೆ ಮಾಡಿಕೊಡುವ ನಿಜವಾದ ಉಪಕಾರ ಇಂಥದ್ದು. ಜಗಳವೇ ಇಲ್ಲದಿದ್ದರೆ ನೆಮೆಚೆಕ್ ಕೊನೆಯವರೆಗೂ ಸೆಲ್ಯೂಟ್ ಹೊಡೆಯುವ ಹುಡುಗನಾಗಿಯೇ ಉಳಿಯುತ್ತಿದ್ದ. ತನ್ನೊಳಗೆ ಏನಿದೆಯೆಂದು ಅವನಿಗೂ ತಿಳಿಯುತ್ತಿರಲಿಲ್ಲ. ಅದನ್ನು ಮೊದಲು ಗುರುತಿಸುವವನು ಎದುರು ಪಾಳೆಯದ ನಾಯಕ. ಸ್ವಂತ ಗುಂಪಿಗೆ ಇನ್ನೂ ಕಣ್ಣು ಬಂದಿಲ್ಲ.

ಕಣ್ಣು ಬಾರದ್ದಕ್ಕೆ ಸಾಕ್ಷಿ, ಹುಡುಗರೇ ಕಟ್ಟಿಕೊಂಡ ‘ಪುಟ್ಟಿ ಸಂಘ’. ಕಿಟಕಿಯ ಗಾಜು ಕೂರಿಸಲು ಮೆತ್ತುತ್ತಾರಲ್ಲ, ಆ ಪುಟ್ಟಿಯನ್ನು ಕೆರೆದು ಕೂಡಿಹಾಕುವುದೇ ಸಂಘದ ಘನ ಉದ್ದೇಶ. ಅದು ಗಟ್ಟಿಯಾಗದಂತೆ ಅಧ್ಯಕ್ಷರು ದಿನವೂ ಜಗಿಯಬೇಕು! ಸಂಘಕ್ಕೆ ಮುದ್ರೆ, ದಾಖಲೆ ಪುಸ್ತಕ, ನಿರ್ಣಯ, ಖಂಡನೆ ಎಲ್ಲ ಇವೆ. ನಮ್ಮೂರಿನ ಕೆಲವು ಸಂಘಗಳಿಗಿಂತ ಇದರ ಕಾರ್ಯಕಲಾಪ ಹೆಚ್ಚು ಶಿಸ್ತಿನದೆಂದೇ ಹೇಳಬೇಕು. ಗೆರೇಬನ ಮೋಸ ಕಂಡು ನೆಮೆಚೆಕ್ ಕಾರಣ ಹೇಳದೆ ಓಡಿಹೋದದ್ದನ್ನು ತಪ್ಪಾಗಿ ತಿಳಿದ ಈ ಸಂಘ, ಅವನು ಹೇಡಿಯೆಂದು ತೀರ್ಮಾನಿಸಿ, ಅವನ ಹೆಸರನ್ನು ದಾಖಲೆಯಲ್ಲಿ ಪೂರ್ತಿ ಸಣ್ಣಕ್ಷರಗಳಲ್ಲಿ ಬರೆಯುತ್ತದೆ. ಕನ್ನಡದ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲವಾದ್ದರಿಂದ ಈ ಶಿಕ್ಷೆಯ ಉರಿ ನಮಗೆ ಒಮ್ಮೆಲೇ ತಾಗುವುದಿಲ್ಲ. ಇಂಗ್ಲಿಷ್ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರನ್ನೂ ಕ್ಯಾಪಿಟಲ್ ಅಕ್ಷರದಿಂದ ಬರೆದು ಒಬ್ಬನ ಹೆಸರನ್ನು ಮಾತ್ರ ಬೇಕೆಂದೇ ಸ್ಮಾಲ್ ಅಕ್ಷರದಲ್ಲಿ ಬರೆದಂತೆ ಎಂದು ಊಹಿಸಿಕೊಳ್ಳಬೇಕು. ನೆಮೆಚೆಕ್‌ಗೆ ಮೂರು ಸಲದ ತಣ್ಣೀರಿಗಿಂತ ಈ ಸಣ್ಣಕ್ಷರ ಹೆಚ್ಚು ನೋಯಿಸುತ್ತದೆ. ಜ್ವರದ ಕನವರಿಕೆಯಲ್ಲೂ ಅವನಿಗೆ ಅದೇ ಚಿಂತೆ.

ತಂದೆತಾಯಿಗಳು ನಿಂತು ಓದಬೇಕಾದ ಒಂದು ಭಾಗವಿದೆ. ಗೆರೇಬನ ಮೋಸ ಬಯಲಾಗಿ ಗುಂಪಿನಿಂದ ಹೊರಬಿದ್ದ ಮೇಲೆ ಅವನ ತಂದೆ ಗ್ರುಂಡಿಗೆ ಬರುತ್ತಾನೆ. ಗಡ್ಡದ, ಕಪ್ಪು ಕೋಟಿನ ಗೃಹಸ್ಥ. ‘ನನ್ನ ಮಗ ದ್ರೋಹಿಯೇ?’ ಎಂಬುದೊಂದೇ ಅವನ ಪ್ರಶ್ನೆ. ಕಣ್ಣಾರೆ ಕಂಡವನು ನೆಮೆಚೆಕ್. ಜ್ವರದಿಂದ ನಡುಗುತ್ತ ನಿಂತ ಆ ಹುಡುಗ ತಂದೆಯ ಮುಖ ನೋಡಿ, ‘ಅಲ್ಲ’ ಎಂದುಬಿಡುತ್ತಾನೆ. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸುವ ನಾವು ಈ ಸುಳ್ಳನ್ನು ಏನೆಂದು ಕರೆಯಬೇಕು? ಆ ಒಂದು ಮಾತಿನಿಂದಲೇ ಗೆರೇಬನಿಗೆ ಹಿಂದಿರುಗುವ ದಾರಿ ತೆರೆಯುತ್ತದೆ. ಅವನು ಮತ್ತೆ ಪಾಲ್ ಬೀದಿಗೆ ಬರುತ್ತಾನೆ, ಈ ಸಲ ಸಾದಾ ಸಿಪಾಯಿಯಾಗಿ. ಕಥಾತಂತ್ರದ ದೃಷ್ಟಿಯಿಂದಲೂ ಇದು ಮುಖ್ಯ ತಿರುವು: ಗೆರೇಬ್ ಹಿಂದಿರುಗದಿದ್ದರೆ ಶತ್ರುವಿನ ಯೋಜನೆ ಬೋಕಾಗೆ ತಿಳಿಯುತ್ತಿರಲಿಲ್ಲ.

ಯುದ್ಧಕ್ಕೆ ಮೊದಲು ಕೆಂಪಂಗಿಗಳ ರಾಯಭಾರಿಗಳು ಬಂದು ನಿಯಮಗಳನ್ನು ಗೊತ್ತುಮಾಡಿಕೊಳ್ಳುತ್ತಾರೆ. ಮರಳಿನ ಬಾಂಬು, ಈಟಿ, ಕುಸ್ತಿ ಇರಬಹುದು, ಮುಷ್ಟಿಯಿಂದ ಗುದ್ದುವಂತಿಲ್ಲ. ಬಂದವರು ಹಾಗೇ ಹಿಂದಿರುಗುವುದಿಲ್ಲ, ಹಾಸಿಗೆ ಹಿಡಿದ ನೆಮೆಚೆಕ್‌ನನ್ನು ಮನೆಗೇ ಹೋಗಿ ಕಂಡು ಗೌರವ ಸಲ್ಲಿಸಿ ಹೋಗುತ್ತಾರೆ. ಕಾದಾಟದ ದಿನ ಎಲ್ಲವೂ ಬೋಕಾನ ಲೆಕ್ಕದಂತೆಯೇ ನಡೆಯುತ್ತದೆ. ಸೆರೆಸಿಕ್ಕ ಕೆಂಪಂಗಿಗಳನ್ನು ಗುಡಿಸಲಿನಲ್ಲಿ ಕೂಡಿಹಾಕುತ್ತಾರೆ. ಕೊನೆಗೆ ಫೆರಿ ಆಚ್ ಆ ಬಾಗಿಲು ತೆರೆದು ತನ್ನವರನ್ನು ಬಿಡಿಸಲು ನುಗ್ಗುತ್ತಾನೆ. ತೆರೆದನೆಂದರೆ ಪಾಲ್ ಬೀದಿಯ ಕಥೆ ಮುಗಿಯಿತು. ಆ ಗಳಿಗೆಯಲ್ಲಿ ಜ್ವರದ ಹಾಸಿಗೆಯಿಂದ ಕದ್ದು ಓಡಿಬಂದ ಸಣ್ಣ ಹುಡುಗನೊಬ್ಬ ಆ ದೈತ್ಯನ ನಡುವಿಗೆ ಆತುಬಿದ್ದು ನೆಲಕ್ಕೆ ಕೆಡವುತ್ತಾನೆ. ಗೆದ್ದದ್ದೂ ಆಯಿತು, ಸಿಪಾಯಿ ಕ್ಯಾಪ್ಟನ್ ಆದದ್ದೂ ಆಯಿತು. ತಾಯಿ ಹುಡುಕಿಕೊಂಡು ಬಂದು ಅವನನ್ನು ಎತ್ತಿಕೊಂಡು ಹೋಗುತ್ತಾಳೆ.

ಮಕ್ಕಳ ಗುಂಪುಗಳ ಕಾದಾಟವನ್ನು ಹಿಡಿದ ಬೇರೆ ಕಾದಂಬರಿಗಳೂ ಇವೆ. ಫ್ರಾನ್ಸಿನ ಲೂಯಿ ಪೆರ್ಗೋ 1912ರಲ್ಲಿ ಬರೆದ ‘ಗುಂಡಿಗಳ ಯುದ್ಧ’ದಲ್ಲಿ ಎರಡು ಹಳ್ಳಿಗಳ ಹುಡುಗರು ಸೋತವರ ಅಂಗಿಯ ಗುಂಡಿಗಳನ್ನು ಕತ್ತರಿಸಿಕೊಳ್ಳುತ್ತಾರೆ. ಅಮೆರಿಕದ ಎಸ್.ಇ. ಹಿಂಟನ್ ಹೈಸ್ಕೂಲಿನಲ್ಲಿದ್ದಾಗಲೇ ಬರೆಯತೊಡಗಿ 1967ರಲ್ಲಿ ಪ್ರಕಟಿಸಿದ ‘ದಿ ಔಟ್‌ಸೈಡರ್ಸ್’ ಇನ್ನೂ ಕಹಿಯಾದದ್ದು. ಅಲ್ಲಿ ಬಡವರ ಮನೆಯ ಹುಡುಗರದೊಂದು ಗುಂಪು, ಕಾರಿನಲ್ಲಿ ತಿರುಗುವ ಸಿರಿವಂತ ಹುಡುಗರದೊಂದು. ಅವರ ನಡುವೆ ಯಾವ ಬಯಲೂ ಇಲ್ಲ, ಬಾವುಟವೂ ಇಲ್ಲ. ಊರಿನ ಯಾವ ಭಾಗದಲ್ಲಿ ಹುಟ್ಟಿದೆ ಎಂಬುದೇ ಜಗಳದ ಕಾರಣ. ಗೆದ್ದರೂ ಬಡವರು ಬಡವರೇ, ಶ್ರೀಮಂತರು ಶ್ರೀಮಂತರೇ ಎಂಬುದು ಕಾದಾಡುವವರಿಗೂ ಗೊತ್ತಿದೆ. ಚಾಕು ಹೊರಬರುತ್ತದೆ, ಹೆಣ ಬೀಳುತ್ತದೆ. ಹಾಗೆ ನೋಡಿದರೆ ಪಾಲ್ ಬೀದಿಯ ಹುಡುಗರು ಪುಣ್ಯವಂತರು. ಅವರ ಯುದ್ಧಕ್ಕೆ ಒಂದು ನಿಯಮವಾದರೂ ಇತ್ತು. ಒಂದು ಕೊರತೆಯನ್ನೂ ಹೇಳಿಬಿಡಬೇಕು: ಮೋಲ್ನಾರನ ಹುಡುಗರ ಲೋಕದಲ್ಲಿ ಹುಡುಗಿಯರಿಗೆ ಎಳ್ಳಷ್ಟೂ ಜಾಗವಿಲ್ಲ. ಹಿಂಟನ್ ಸ್ವತಃ ಹುಡುಗಿಯಾಗಿದ್ದುದರಿಂದಲೋ ಏನೋ, ಅವಳ ಕಥೆಯಲ್ಲಿ ಎರಡು ಗುಂಪುಗಳ ನಡುವೆ ಮೊದಲು ಮಾತು ಆರಂಭವಾಗುವುದು ಚೆರಿ ಎಂಬ ಹುಡುಗಿಯಿಂದ.

ಇನ್ನೊಂದು ಲೆಕ್ಕ ಮನಸ್ಸಿಗೆ ಬರುತ್ತದೆ. 1907ರಲ್ಲಿ ಹನ್ನೆರಡು ವರ್ಷದವನಾಗಿ ಈ ಪುಸ್ತಕ ಓದಿ ಕಣ್ಣೊರೆಸಿಕೊಂಡ ಹುಡುಗನಿಗೆ 1914ರಲ್ಲಿ ಹತ್ತೊಂಬತ್ತು. ಬಾವುಟ, ಸೆಲ್ಯೂಟ್, ಕ್ಯಾಪ್ಟನ್ ಎಲ್ಲವೂ ಆಗ ನಿಜವಾದವು. ಮೋಲ್ನಾರನೇ ಆ ಯುದ್ಧಕ್ಕೆ ವರದಿಗಾರನಾಗಿ ಹೋದ. ‘ಗುಂಡಿಗಳ ಯುದ್ಧ’ ಬರೆದ ಪೆರ್ಗೋ 1915ರಲ್ಲಿ ಅದೇ ಮಹಾಯುದ್ಧದಲ್ಲಿ, ಎದುರು ಪಾಳೆಯದಲ್ಲಿ, ಸತ್ತ. ಹಂಗೆರಿಯ ನಿರ್ದೇಶಕ ಜೋಲ್ತಾನ್ ಫಾಬ್ರಿ ಈ ಕಾದಂಬರಿಯನ್ನು ಚಿತ್ರವಾಗಿಸಿದಾಗ (ಆಸ್ಕರ್‌ಗೆ ನಾಮಕರಣಗೊಂಡ ಚಿತ್ರ ಅದು) ಪ್ರೇಕ್ಷಕರಲ್ಲಿ ಎರಡು ಮಹಾಯುದ್ಧ ಕಂಡವರಿದ್ದರು. ಮರಳಿನ ಬಾಂಬು ನೋಡಿ ಅವರಿಗೆ ಬರೀ ನಗು ಬಂದಿರಲಾರದು.

ನೆಮೆಚೆಕ್ ಬದುಕುವುದಿಲ್ಲ. ಅವನ ತಂದೆ ಬಡ ದರ್ಜಿ. ಒಳಗೆ ಒಬ್ಬನೇ ಮಗ ಕೊನೆಯುಸಿರೆಳೆಯುತ್ತಿರುವಾಗ ಚೆಟ್ನೆಕಿ ಎಂಬ ಗಿರಾಕಿ ತನ್ನ ಕಂದು ಬಣ್ಣದ ಸೂಟು ತೊಟ್ಟು ನೋಡಲು ಬರುತ್ತಾನೆ. ಗಿರಾಕಿಯನ್ನು ಹಿಂದಕ್ಕೆ ಕಳಿಸಿದರೆ ಔಷಧಿಗೆ ದುಡ್ಡಿಲ್ಲ. ಕಣ್ಣೀರು ಬಟ್ಟೆಯ ಮೇಲೆ ಬಿದ್ದು ಕಲೆಯಾಗದಂತೆ ತಂದೆ ಮುಖ ತಿರುಗಿಸಿಕೊಳ್ಳಬೇಕಾಗುತ್ತದೆ. ಎರಡು ಸೈನ್ಯಗಳ ವೀರಾವೇಶವನ್ನೆಲ್ಲ ಓದಿ ಬಂದವರಿಗೆ ಈ ಪುಟಗಳಲ್ಲಿ ಎದುರಾಗುವ ಬಡತನಕ್ಕೆ ಎದುರಾಳಿಯೇ ಇಲ್ಲ; ಯಾರ ಮೇಲೆ ಈಟಿ ಎಸೆಯುವುದು? ಬೀದಿಯಲ್ಲಿ ಒಬ್ಬನೇ ಅತ್ತಿಂದಿತ್ತ ನಡೆಯುತ್ತ ರೋಗಿಯ ಸುದ್ದಿಗಾಗಿ ಕಾದವನು ಫೆರಿ ಆಚ್. ಪುಟ್ಟಿ ಸಂಘದವರು, ಹೆಸರನ್ನು ಇನ್ನು ದೊಡ್ಡಕ್ಷರದಲ್ಲಿ ಬರೆಯುತ್ತೇವೆ ಎಂಬ ಗೌರವಪತ್ರ ಹಿಡಿದು ಬರುತ್ತಾರೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಬೆಳೆಯುವವನು ಬೋಕಾ. ಸತ್ತ ಗೆಳೆಯನ ಮನೆಯಿಂದ ಹೊರಬಿದ್ದ ಅವನ ಕಾಲು ತಾನಾಗಿ ಅವನನ್ನು ಗ್ರುಂಡಿಗೆ ಕರೆತರುತ್ತದೆ. ಸೌದೆಯ ರಾಶಿ, ಬಾವುಟ, ನಾಯಿ ಎಲ್ಲ ಇದ್ದಂತೆಯೇ ಇವೆ. ಕಾವಲುಗಾರ ಯಾನೋ ಮಾತಿಗೆ ಮಾತು ಎಂಬಂತೆ ಒಂದು ಸುದ್ದಿ ಹೇಳುತ್ತಾನೆ: ಸೋಮವಾರ ಎಂಜಿನಿಯರರು ಬರುತ್ತಾರೆ, ನೆಲ ಅಗೆಯುತ್ತಾರೆ, ಇಲ್ಲಿ ಮೂರು ಮಹಡಿಯ ಮನೆ ಏಳುತ್ತದೆ. ಆ ಜಾಗಕ್ಕೆ ಕೆಂಪಂಗಿಗಳೂ ಒಡೆಯರಲ್ಲ, ಪಾಲ್ ಬೀದಿಯವರೂ ಒಡೆಯರಲ್ಲ. ಒಡೆಯನಾರೋ ಇಡೀ ಕಾದಂಬರಿಯಲ್ಲಿ ಒಮ್ಮೆಯೂ ಇತ್ತ ಸುಳಿಯಲಿಲ್ಲ. ‘ಐನ್‌ಸ್ಟಾಂಡ್’ ಎಂಬ ಮಾತನ್ನು ಅವನು ಹೇಳಬೇಕಾದ ಅಗತ್ಯ ಕೂಡ ಬೀಳಲಿಲ್ಲ.

ಬೋಕಾ ಅಲ್ಲಿಂದ ಓಡುತ್ತಾನೆ. ಮನೆಗೆ ಬಂದು, ಮಾರನೆಯ ದಿನದ ಪಾಠ ಓದಿಕೊಳ್ಳಬೇಕಾದ ಮೇಜಿನ ಮುಂದೆ ಕುಳಿತು, ಸುಮ್ಮನೆ ಎದುರಿಗೆ ನೋಡುತ್ತಾನೆ.